ಅಪ್‌ಡೇಟ್: ಏಜೆಂಟ್ ಈಗ ಸರಿಯಾದ ಟೂಲನ್ನೇ ಕರೆಯುತ್ತಿದೆ

ಮಲ್ಪೆ ಬಂದರಿನ ಮೀನಿನ ಲೆಕ್ಕಕ್ಕೆ ನಾವು ಬರೆದ ಟೂಲ್‌ಗಳನ್ನು (ಲೆಕ್ಕ, ದರ ತಂದುಕೊಡುವ ಪುಟ್ಟ ಪ್ರೋಗ್ರಾಂಗಳು) ಎಐ ಏಜೆಂಟ್ (ಕೇಳಿದ ಪ್ರಶ್ನೆಗೆ ತಕ್ಕ ಟೂಲನ್ನು ತಾನೇ ಆರಿಸಿ ಕರೆಯುವ ಎಐ) ಅದಲುಬದಲು ಮಾಡಿ ಕರೆಯುತ್ತಿದೆ ಅಂತ ಕೇಳಿದ್ದೆ ಅಲ್ವಾ? ಈಗ ಸರಿಹೋಗಿದೆ. ಎಲ್ಲರಿಗೂ ಥ್ಯಾಂಕ್ಸ್.

ಕೆಲಸಕ್ಕೆ ಬಂದ ಸಲಹೆ: ಏಜೆಂಟ್ ಓದುವ ಟೂಲಿನ ವಿವರಣೆಯಲ್ಲಿ, ಅದನ್ನು ಯಾವಾಗ ಬಳಸಬಾರದು ಅನ್ನೋದನ್ನೂ ಬರೆಯಿರಿ ಅಂದದ್ದು. ಮೊದಲು 'ಮೀನಿನ ಮಾಹಿತಿ ಕೊಡುತ್ತದೆ' ಅಂತಷ್ಟೇ ಇತ್ತು. ಈಗಿನ ವಿವರಣೆ ಹೀಗಿದೆ: 'ಒಂದು ದಿನ ಬಂದರಿಗೆ ಬಂದ ಮೀನಿನ ತೂಕ, ಕಿಲೋದಲ್ಲಿ. ದರಕ್ಕೆ ಇದನ್ನು ಕರೆಯಬೇಡ, ಹರಾಜು ದರದ ಟೂಲ್ ಬಳಸು.' ಇದೊಂದರಿಂದಲೇ ಗೊಂದಲ ಬಹುಪಾಲು ಹೋಯಿತು.

ಸ್ಕೀಮಾದಲ್ಲಿ (ಟೂಲಿಗೆ ಏನೇನು, ಯಾವ ರೂಪದಲ್ಲಿ ಕೊಡಬೇಕು ಅನ್ನೋ ವಿವರ) ಎನಮ್ (ಒಪ್ಪುವ ಪದಗಳ ನಿಗದಿತ ಪಟ್ಟಿ) ಹಾಕಿ ಅಂದವರ ಮಾತೂ ನಿಜ. ಬೂತಾಯಿ ಮೀನನ್ನು ಕೆಲವರು ತಾರ್ಲೆ ಅಂತಾರೆ. ಒಪ್ಪುವ ಹೆಸರುಗಳನ್ನು ಅಲ್ಲೇ ಪಟ್ಟಿ ಮಾಡಿದ ಮೇಲೆ ಏಜೆಂಟ್ ಊಹಿಸುವುದು ನಿಂತಿತು. ತಾರೀಖನ್ನು ವರ್ಷ-ತಿಂಗಳು-ದಿನ ಅಂತ ಉದಾಹರಣೆ ಸಮೇತ ಕೊಟ್ಟೆ. ಇಲ್ಲದಿದ್ದರೆ 03-08 ಅಂದರೆ ಮಾರ್ಚೋ ಆಗಸ್ಟೋ ಅದಕ್ಕೆ ಹೇಗೆ ಗೊತ್ತಾಗಬೇಕು?

ಪ್ರಾಂಪ್ಟ್‌ನಲ್ಲಿ (ಏಜೆಂಟ್‌ಗೆ ಕೊಡುವ ಸೂಚನೆ) 'ತಪ್ಪು ಮಾಡಬೇಡ' ಅಂತ ಒತ್ತಿ ಬರೆದದ್ದು ಸುಮ್ನೆ ವ್ಯರ್ಥ. ದೊಡ್ಡ ಮಾಡೆಲ್‌ನಿಂದಲೂ ಬಿಲ್ ಜಾಸ್ತಿಯಾಯಿತು ಅಷ್ಟೇ.

ನಿಜವಾಗಿ ಅಚ್ಚರಿಯಾದದ್ದು ಖಾಲಿ ಉತ್ತರದ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ದಿನಗಳಿಗೆ ಟ್ರಾಲ್ ಬೋಟಿನ (ಬಲೆ ಎಳೆಯುವ ಯಾಂತ್ರಿಕ ಬೋಟು) ಲೆಕ್ಕ ಕೇಳಿದರೆ ಟೂಲ್ ಖಾಲಿ ಪಟ್ಟಿ ಕೊಡುತ್ತದೆ. ಏಜೆಂಟ್ ಅದನ್ನು ದೋಷ ಅಂದುಕೊಂಡು ಮತ್ತೆ ಮತ್ತೆ ಕರೆಯುತ್ತಿತ್ತು. 'ಖಾಲಿ ಪಟ್ಟಿ ಎಂದರೆ ಬೋಟು ಬಂದಿಲ್ಲ, ಮತ್ತೆ ಕರೆಯಬೇಡ' ಅಂತ ಟೂಲಿನ ವಿವರಣೆಗೆ ಒಂದು ಸಾಲು ಸೇರಿಸಿದೆ. ಈಗ ಒಂದೇ ಸಲ ಕರೆದು, ನಿಷೇಧದ ಸಮಯ ಅಂತ ತಾನೇ ಹೇಳುತ್ತದೆ.