ಕಿವಿರಿನ ತುಂಡನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕಳಿಸಬೇಕು, ಕಾರವಾರದಿಂದ ಹೇಗೆ?

ಕೋಡಿಬಾಗ_ಹುಡುಗಿ
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಕಾಳಿ ಅಳಿವೆಯ ಮೀನಿನ ಕಿವಿರು ನೋಡಬೇಕು ಅಂತಿದ್ದೇನೆ. ಮಳೆಗಾಲದಲ್ಲಿ ಅಲ್ಲಿಯ ನೀರು ಸಪ್ಪೆ, ಏಪ್ರಿಲ್-ಮೇ ಬಂತೆಂದರೆ ಬಾಯಿಗೆ ಹಾಕಲಾಗದಷ್ಟು ಉಪ್ಪು, ಆದರೂ ಅದೇ ಮೀನು ಎರಡರಲ್ಲೂ ಆರಾಮಾಗಿ ಇರುತ್ತದೆ. ಕಿವಿರಿನಲ್ಲಿ ಉಪ್ಪನ್ನು ಸಾಗಿಸುವ ಕ್ಲೋರೈಡ್ ಕೋಶಗಳಲ್ಲಿ ಏನು ಬದಲಾಗುತ್ತದೆ ಅಂತ ನೋಡುವ ಆಸೆ. ಬೈತಖೋಲಿನಲ್ಲಿ ಬಂಗಡೆ ಸಿಗುತ್ತದೆ, ಅಳಿವೆಯಲ್ಲಿ ತಿಲಾಪಿಯಾ ಸಿಗುತ್ತದೆ. ಯಂತ್ರ ಇಲ್ಲಿಲ್ಲ, ಹೊರಗೆ ಕಳಿಸಬೇಕು. ಕಿವಿರು ಕತ್ತರಿಸಿ ಫ್ರೀಜರಿನಲ್ಲಿಟ್ಟು, ಎಲ್ಲಾ ಸೇರಿದ ಮೇಲೆ ಒಟ್ಟಿಗೆ ಕಳಿಸಿದರೆ ನಡೆಯುತ್ತದಾ? ಅಥವಾ ಫಾರ್ಮಲಿನ್‌ನಲ್ಲಿ ಹಾಕಿಡಲಾ? ಸೆಮ್ (ಮೇಲ್ಮೈ ತೋರಿಸುವ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಮಾಡಿಸುವುದಾ ಟೆಮ್ (ತೆಳು ಸೀಳಿನ ಒಳಗನ್ನು ತೋರಿಸುವ ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಮಾಡಿಸುವುದಾ ಅನ್ನೋದೂ ಗೊತ್ತಾಗುತ್ತಿಲ್ಲ.

ಅಂಕೋಲೆ_ಅಣ್ಣ
ಫ್ರೀಜರ್ ಮಾತ್ರ ಬೇಡ ತಂಗಿ. ಫ್ರೀಜರಿನ ಮೀನು ಹೊರಗೆ ತೆಗೆದಿಟ್ಟರೆ ನೀರು ಬಿಡುತ್ತದಲ್ಲ, ಅದರಲ್ಲಿ ಜಾಸ್ತಿ ಪಾಲು ಒಡೆದ ಕೋಶಗಳದ್ದೇ. ಒಳಗೆ ಐಸ್ ಹರಳು ಕಟ್ಟಿ ಪೊರೆಗಳನ್ನು ಹರಿದು ಹಾಕಿರುತ್ತದೆ. ಸಾರಿಗೆ ಅಡ್ಡಿಲ್ಲ, ಟೆಮ್‌ಗೆ ಆಗೋದಿಲ್ಲ.

ಬಂಗಡೆಯನ್ನೂ ಬಿಡು. ಬೋಟು ದಡಕ್ಕೆ ಬರುವಷ್ಟರಲ್ಲಿ ಅದು ಸತ್ತು ಎಷ್ಟೋ ಹೊತ್ತಾಗಿರುತ್ತದೆ. ಆಮ್ಲಜನಕ ನಿಂತ ಕೆಲವೇ ನಿಮಿಷದಲ್ಲಿ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯ ಊದಲು ಶುರುವಾಗುತ್ತದೆ, ಕಿವಿರಿನ ಮೇಲ್ಪದರ ಎದ್ದು ಬರುತ್ತದೆ. ಕ್ಲೋರೈಡ್ ಕೋಶ ಅಂದರೆ ಮೈಟೋಕಾಂಡ್ರಿಯ ತುಂಬಿ ತುಳುಕುವ ಕೋಶ, ಅದೇ ಕೆಟ್ಟರೆ ಇನ್ನೇನು ನೋಡುತ್ತೀ? ತಿಲಾಪಿಯಾವನ್ನು ಅದೇ ನೀರಿನ ಬಕೆಟ್ಟಿನಲ್ಲಿ ಜೀವಂತ ತಾ.

ಸೆಮ್ ಅಂದರೆ ಮೇಲ್ಮೈ. ಉಪ್ಪು ನೀರಿನ ಮೀನಿನಲ್ಲಿ ಈ ಕೋಶದ ಬಾಯಿ ಗುಳಿಯ ಹಾಗೆ ಕಾಣುತ್ತದೆ, ಅದನ್ನು ಎಣಿಸಬಹುದು, ಅಳೆಯಬಹುದು. ಒಳಗಿನ ಮೈಟೋಕಾಂಡ್ರಿಯ, ಪೊರೆಯ ಕೊಳವೆ ಜಾಲ ಬೇಕಾದರೆ ಟೆಮ್. ನನ್ನ ಕೇಳಿದರೆ ಮೊದಲು ಸೆಮ್ ಮಾಡಿಸು, ಅದು ಧಾರವಾಡದಲ್ಲೇ ಆಗುತ್ತದೆ. ಟೆಮ್‌ಗೆ ತುಂಡನ್ನು ರೆಸಿನ್‌ನಲ್ಲಿ (ಗಟ್ಟಿಯಾಗುವ ಪ್ಲಾಸ್ಟಿಕ್ಕಿನಂಥ ಅಂಟು) ಕೂರಿಸಿ 60ರಿಂದ 90 ನ್ಯಾನೋಮೀಟರ್ ತೆಳುವಾಗಿ ಕೊಯ್ಯಬೇಕು. ಆ ಕೈ ಪಳಗಿದವರು ಎಲ್ಲಾ ಕಡೆ ಸಿಗುವುದಿಲ್ಲ. ದೆಹಲಿಯ ಏಮ್ಸ್‌ನಲ್ಲಿ ಹೊರಗಿನವರ ಸ್ಯಾಂಪಲ್ಲಿಗೂ ಸೌಲಭ್ಯ ಇದೆ.

ಈಗ ಕೊಯ್ಯುವ ವಿಷಯ. ಇಲ್ಲಿ ಕೆಟ್ಟರೆ ಮುಂದೆ ಯಾವ ಯಂತ್ರವೂ ಸರಿ ಮಾಡುವುದಿಲ್ಲ. ಮೊದಲು ಬಫರಿನಿಂದ (ಆಮ್ಲ-ಕ್ಷಾರದ ಮಟ್ಟ ಬದಲಾಗದ ಹಾಗೆ ಕಾಯುವ ದ್ರಾವಣ) ಲೋಳೆ ತೊಳೆ. ಇಲ್ಲವಾದರೆ ಲೋಳೆ ಅಲ್ಲೇ ಗಟ್ಟಿಯಾಗಿ ಕೂತು ಸೆಮ್ ಫೋಟೋದಲ್ಲಿ ಅದೊಂದೇ ಕಾಣುತ್ತದೆ. ಮೇಣದ ತಟ್ಟೆಯ ಮೇಲೆ ಒಂದು ಹನಿ ಫಿಕ್ಸೇಟಿವ್ (ಕೋಶಗಳನ್ನು ಇದ್ದ ಹಾಗೇ ಹಿಡಿದಿಡುವ ದ್ರಾವಣ, ನಿನಗೆ ಗ್ಲುಟರಾಲ್ಡಿಹೈಡ್) ಹಾಕಿ, ಅದರೊಳಗೇ ಹೊಸ ಬ್ಲೇಡಿನಿಂದ ಕೊಯ್ಯಿ. ಒತ್ತಬೇಡ, ಎಳೆದು ಕೊಯ್ಯಬೇಕು. ಕತ್ತರಿ ಬಳಸಿದರೆ ಅಂಚು ಜಜ್ಜಿ ಹೋಗುತ್ತದೆ. ಟೆಮ್ ತುಂಡು ಯಾವ ದಿಕ್ಕಿನಲ್ಲೂ 1 ಮಿಲಿಮೀಟರ್ ದಾಟಬಾರದು, ಗ್ಲುಟರಾಲ್ಡಿಹೈಡ್ ಒಳಗೆ ಇಳಿಯುವುದು ಬಹಳ ನಿಧಾನ. ಶೇ. 2.5ರ ದ್ರಾವಣ, 4 ಡಿಗ್ರಿ ಫ್ರಿಜ್, ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಬರೀ ಬಫರಿಗೆ ಬದಲಿಸು. ಆಸ್ಪತ್ರೆಯಲ್ಲಿ ಉಪಕರಣ ಅದ್ದಿಡುವ ಗ್ಲುಟರಾಲ್ಡಿಹೈಡ್ ಬೇಡ, ಮೈಕ್ರೋಸ್ಕೋಪಿಯ ದರ್ಜೆಯದ್ದೇ ತರಿಸು. ಗ್ಲೌಸ್ ಹಾಕು, ಕಿಟಕಿ ತೆಗೆದಿಡು.

ಶಿರಸಿ_ಮಾಣಿ
ನಾನು ಮೀನಿನವನಲ್ಲ, ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ ಕೆಲಸ. ಆದರೆ ಅಂಕೋಲೆ ಅಣ್ಣ ಹೇಳಿದ್ದು ಮನುಷ್ಯರ ಕಿಡ್ನಿಗೂ ಅಷ್ಟೇ ನಿಜ. ಬಯಾಪ್ಸಿ ಅಂದರೆ ಸೂಜಿಯಲ್ಲಿ ಬರುವ ದಾರದಷ್ಟು ತೆಳ್ಳಗಿನ ಎಳೆ. ಅದನ್ನು ಅಲ್ಲೇ ಮೂರು ಬಾಟಲಿಗೆ ಹಂಚುತ್ತೇವೆ. ಒಂದು ಫಾರ್ಮಲಿನ್‌ಗೆ, ಒಂದು ಇಮ್ಯುನೋಫ್ಲೋರೆಸೆನ್ಸಿಗೆ (ಹೊಳೆಯುವ ಬಣ್ಣ ಹಚ್ಚಿದ ಪ್ರತಿಕಾಯಗಳಿಂದ ಮಾಡುವ ಪರೀಕ್ಷೆ), ಗ್ಲೋಮೆರುಲಸ್ (ರಕ್ತ ಸೋಸುವ ಉಂಡೆ) ಇರುವ ಚಿಕ್ಕ ತುಂಡೊಂದು ಗ್ಲುಟರಾಲ್ಡಿಹೈಡಿಗೆ. ರೋಗಿಯ ಮನೆಯವರು 'ಮೂರು ಮೂರು ಬಾಟಲಿ ಎಂತಕ್ಕೆ' ಅಂತ ಕೇಳುತ್ತಾರೆ. ಮಕ್ಕಳಲ್ಲಿ ಮೈ ಬಾತು ಮೂತ್ರದಲ್ಲಿ ಪ್ರೋಟೀನ್ ಹೋಗುವ ಮಿನಿಮಲ್ ಚೇಂಜ್ ಅಂತ ಒಂದು ಕಾಯಿಲೆ ಇದೆ. ಅದರಲ್ಲಿ ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಿಡ್ನಿ ಪೂರ್ತಿ ಸರಿ ಇದ್ದ ಹಾಗೇ ಇರುತ್ತದೆ. ಟೆಮ್‌ನಲ್ಲಿ ನೋಡಿದರೆ ಪೋಡೋಸೈಟಿನ (ಆ ಸೋಸುವ ಉಂಡೆಯ ರಕ್ತನಾಳವನ್ನು ಸುತ್ತುವ ಕೋಶ) ಬೆರಳಿನಂಥ ಪಾದಗಳೆಲ್ಲ ಚಪ್ಪಟೆಯಾಗಿ ಒಂದಕ್ಕೊಂದು ಸೇರಿಕೊಂಡಿರುತ್ತವೆ. (ಮಕ್ಕಳಿಗೆ ಹೆಚ್ಚಾಗಿ ಮೊದಲು ಸ್ಟೀರಾಯ್ಡ್ ಕೊಟ್ಟು ನೋಡುತ್ತಾರೆ, ಎಲ್ಲರಿಗೂ ಬಯಾಪ್ಸಿ ಮಾಡುವುದಿಲ್ಲ, ಇದನ್ನು ಓದಿ ಯಾರೂ ಹೆದರಬೇಡಿ.)

ಫಾರ್ಮಲಿನ್ ಬಗ್ಗೆ: ಅದು ಬೇಗ ಒಳಗಿಳಿಯುತ್ತದೆ, ಆದರೆ ಹಿಡಿತ ಸಡಿಲ. ಗ್ಲುಟರಾಲ್ಡಿಹೈಡ್ ನಿಧಾನ, ಹಿಡಿತ ಗಟ್ಟಿ. ಅದಕ್ಕೇ 1965ರಲ್ಲಿ ಕಾರ್ನೋವ್‌ಸ್ಕಿ ಎಂಬ ವಿಜ್ಞಾನಿ ಎರಡನ್ನೂ ಬೆರೆಸಿದ್ದು. ಅಂಗಡಿಯ ಫಾರ್ಮಲಿನ್‌ನಲ್ಲಿ ಮೆಥನಾಲ್ ಇರುತ್ತದೆ, ಪ್ಯಾರಾಫಾರ್ಮಾಲ್ಡಿಹೈಡಿನಿಂದ ಹೊಸದಾಗಿ ಮಾಡಿಕೊಳ್ಳಿ. ಕೊಬ್ಬನ್ನು ಇವೆರಡೂ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಆಮೇಲೆ ಆಸ್ಮಿಯಂ ಟೆಟ್ರಾಕ್ಸೈಡ್ ಬೇಕು, ಪೊರೆಗಳು ಕಪ್ಪಾಗಿ ಎದ್ದು ಕಾಣುವುದು ಅದರಿಂದಲೇ. ಅದರ ಆವಿ ಕಣ್ಣಿಗೆ ಅಪಾಯ, ನೀವು ಮುಟ್ಟಲು ಹೋಗಬೇಡಿ, ಆ ಕೆಲಸ ಲ್ಯಾಬಿನವರಿಗೆ ಬಿಡಿ.

ಗೋಕರ್ಣ_ಗಾಳಿ
ಎಲ್ಲಾ ಸರಿ ಮಾರಾಯ್ರೆ, ಆದರೆ ಲೆಕ್ಕ ಒಂದು ಹೇಳುತ್ತೇನೆ. 1 ಮಿಲಿಮೀಟರ್ ತುಂಡನ್ನು 70 ನ್ಯಾನೋಮೀಟರಿನ ಹಾಗೆ ಕೊಯ್ದರೆ 14,000ಕ್ಕೂ ಹೆಚ್ಚು ಸೆಕ್ಷನ್ (ತೆಳು ಸೀಳು) ಆಗುತ್ತದೆ. ನೀವು ನೋಡುವುದು ಅದರಲ್ಲಿ ಒಂದೋ ಎರಡೋ. ಚೆಂದದ ಫೋಟೋ ಒಂದು ಸಿಕ್ಕಿತು ಅಂತ 'ಮಳೆಗಾಲದಲ್ಲಿ ಹೀಗೆ, ಬೇಸಿಗೆಯಲ್ಲಿ ಹಾಗೆ' ಅಂತ ಬರೆದರೆ ಯಾರೂ ಒಪ್ಪುವುದಿಲ್ಲ. ಒಂದೇ ಮೀನಿನ ಐವತ್ತು ಫೋಟೋಕ್ಕಿಂತ ಬೇರೆ ಬೇರೆ ಮೀನು ಮುಖ್ಯ. ಗಾತ್ರ ಸುಮಾರು ಒಂದೇ ಇರಲಿ, ಕಿವಿರಿನ ಅದೇ ಕಮಾನು, ಅದೇ ಜಾಗದಿಂದ ತುಂಡು ತೆಗೆಯಿರಿ. ರೆಸಿನ್ ಬ್ಲಾಕಿನಿಂದ ಮೊದಲು 1 ಮೈಕ್ರಾನಿನ ದಪ್ಪ ಸೆಕ್ಷನ್ ತೆಗೆದು ಟೊಲುಯಿಡಿನ್ ಬ್ಲೂ ಅನ್ನೋ ನೀಲಿ ಬಣ್ಣ ಹಾಕಿ ಮಾಮೂಲಿ ಮೈಕ್ರೋಸ್ಕೋಪಿನಲ್ಲೇ ನೋಡಲು ಹೇಳಿ. ಬೇಕಾದ ಕೋಶ ಅದರಲ್ಲಿ ಇಲ್ಲದಿದ್ದರೆ ಮುಂದೆ ಸುಮ್ನೆ ದುಡ್ಡು ದಂಡ.

ಕೋಡಿಬಾಗ_ಹುಡುಗಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಬಂಗಡೆ ಕೈಬಿಟ್ಟೆ, ತಿಲಾಪಿಯಾ ಮಾತ್ರ, ಮೊದಲು ಸೆಮ್. ಇನ್ನೊಂದು ಕೇಳಬೇಕಿತ್ತು. ಬಫರ್ ಯಾವುದು? ನಮ್ಮ ಸೀನಿಯರ್ ಅಕ್ಕ ಬಳಚಿಗೆ (ಎರಡು ಚಿಪ್ಪಿನ ಮೃದ್ವಂಗಿ) ಬಳಸಿದ ಬಫರಿನ ಬಾಟಲಿಯೇ ಫ್ರಿಜ್ಜಿನಲ್ಲಿದೆ, ಅದೇ ನಡೆಯುತ್ತದಾ?

ಅಂಕೋಲೆ_ಅಣ್ಣ
ನಡೆಯೋದಿಲ್ಲ. ಬಳಚಿನ ಒಳಗಿನ ನೀರು ಹೊರಗಿನ ನೀರಿನಷ್ಟೇ ಉಪ್ಪು, ಹಾಗಾಗಿ ಸಮುದ್ರದ ಬಳಚಿನ ಬಫರನ್ನು ಸುಮಾರು 1000 ಮಿಲಿಆಸ್ಮೋಲಿಗೆ (ನೀರಿನಲ್ಲಿ ಕರಗಿದ ಉಪ್ಪು ಮುಂತಾದವುಗಳ ಸಾಂದ್ರತೆಯ ಅಳತೆ) ಏರಿಸಿರುತ್ತಾರೆ. ಎಲುಬಿನ ಮೀನಿನ ರಕ್ತ ಅದರ ಮೂರನೇ ಒಂದು ಪಾಲಿನ ಆಸುಪಾಸು, ಉಪ್ಪು ನೀರಿನಲ್ಲಿದ್ದರೂ ಅಷ್ಟೇ. ಆ ಬಾಟಲಿಯಲ್ಲಿ ಹಾಕಿದರೆ ಕೋಶಗಳು ಕುಗ್ಗುತ್ತವೆ, ನೀನು ಅದನ್ನೇ ಬೇಸಿಗೆಯ ಪರಿಣಾಮ ಅಂದುಕೊಳ್ಳುತ್ತೀ. 0.1 ಮೋಲಾರ್ ಫಾಸ್ಫೇಟ್ ಬಫರ್ ಮಾಡಿಕೋ, ಎರಡೂ ಕಾಲಕ್ಕೆ ಒಂದೇ ರೆಸಿಪಿ. ಸಮುದ್ರದ ನೀರು ಅದಕ್ಕೆ ತಾಗಿದರೆ ಕ್ಯಾಲ್ಸಿಯಂ ಸೇರಿ ಬಿಳಿ ಪುಡಿ ಕೂರುತ್ತದೆ, ಅದಕ್ಕೇ ಮೊದಲು ಚೆನ್ನಾಗಿ ತೊಳೆಯುವುದು. ಕ್ಯಾಕೊಡೈಲೇಟ್ ಬಫರ್ ಇನ್ನೂ ಒಳ್ಳೆಯದು, ಆದರೆ ಅದರಲ್ಲಿ ಆರ್ಸೆನಿಕ್ ಇದೆ, ಈಗ ಬೇಡ.

ಕಳಿಸುವಾಗ ಬಾಟಲಿ ಬಾಯಿವರೆಗೆ ತುಂಬು. ಗಾಳಿ ಉಳಿದರೆ ಯಲ್ಲಾಪುರದ ಘಟ್ಟ ಹತ್ತುವಾಗ ತುಂಡು ಕುಲುಕಿ ಹಾಳಾಗುತ್ತದೆ. ಐಸ್ ಪ್ಯಾಕಿಗೂ ಬಾಟಲಿಗೂ ನಡುವೆ ಪೇಪರ್ ಸುತ್ತು, ಹೆಪ್ಪುಗಟ್ಟಬಾರದು. ಹೆಸರಿನ ಚೀಟಿ ಪೆನ್ಸಿಲ್ಲಿನಲ್ಲಿ ಬರೆದು ಒಳಗೂ ಒಂದು ಹಾಕು. ಮುಂದೆ ಆಲ್ಕೋಹಾಲ್ ಬೀಳುತ್ತದೆ, ಪೆನ್ನಿನದು ಅಳಿಸಿ ಹೋಗುತ್ತದೆ.