ಸಹಾಯ ಬೇಕು: ‘ಪಾಸ್’ ಅನ್ನೋದನ್ನು ಮಕ್ಕಳಿಗೆ ಹೇಗೆ ವಿವರಿಸಲಿ?

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಬೀದಿಯ ಏಳೆಂಟು ಮಕ್ಕಳಿಗೆ ಕಥೆ ಓದಿ ಹೇಳುತ್ತೇನೆ. ಈಗ ಬೆವರ್ಲಿ ನಾಯ್ಡೂ ಅವರ ‘ಜರ್ನಿ ಟು ಜೋಬರ್ಗ್’ ಹಿಡಿದಿದ್ದೇನೆ. 1985ರ ಪುಸ್ತಕ. ದಕ್ಷಿಣ ಆಫ್ರಿಕಾದಲ್ಲಿ 1991ರವರೆಗೆ ಇದಕ್ಕೆ ನಿಷೇಧವಿತ್ತು. ಪುಟ್ಟ ತಂಗಿಗೆ ಕಾಯಿಲೆ. ಅಮ್ಮ ದೂರದ ಜೋಹಾನ್ಸ್‌ಬರ್ಗ್‌ನಲ್ಲಿ ಬಿಳಿಯರ ಮನೆಗೆಲಸಕ್ಕಿದ್ದಾಳೆ. 13 ವರ್ಷದ ನಲೇಡಿ, 9 ವರ್ಷದ ತಮ್ಮ ಟಿರೋ ಅಮ್ಮನನ್ನು ಕರೆತರಲು ನಡೆದೇ ಹೊರಡುತ್ತಾರೆ.

ಕಥೆ ಮಕ್ಕಳಿಗೆ ಹಿಡಿಸಿದೆ. ತೊಡಕಾಗಿದ್ದು ‘ಪಾಸ್’ ಹತ್ತಿರ. ಅಲ್ಲಿ ವರ್ಣಭೇದ ನೀತಿಯ ಕಾಲದಲ್ಲಿ 16 ತುಂಬಿದ ಕಪ್ಪು ಜನ ಸದಾ ಜೊತೆಗಿಟ್ಟುಕೊಳ್ಳಬೇಕಿದ್ದ ಗುರುತಿನ ಪುಸ್ತಕ ಅದು. ಪೊಲೀಸರು ಕೇಳಿದಾಗ ತೋರಿಸದಿದ್ದರೆ ಹಿಡಿದುಕೊಂಡು ಹೋಗುತ್ತಿದ್ದರು. ಪಾಸ್‌ಬುಕ್ ಅಂದೆ. ‘ಬ್ಯಾಂಕಿಂದಾ ಆಂಟಿ?’ ಅಂದರು! ರಹದಾರಿ ಅಂದರೆ ಮಿಕಿಮಿಕಿ ನೋಡುತ್ತಾರೆ.

ಇನ್ನೊಬ್ಬಳು, ‘ಮಕ್ಕಳು ಅಮ್ಮನ ಜೊತೆಗೇ ಇರಬಹುದಿತ್ತಲ್ವಾ?’ ಅಂದಳು. ಕಾನೂನು ಬಿಡ್ತಿರಲಿಲ್ಲ ಅಂದೆ. ಅವಳಿಗಿರಲಿ, ನನಗೇ ಆ ಉತ್ತರ ಸಾಲದು ಅನಿಸಿತು.

ಟೀಚರ್‌ಗಳು, ಅನುವಾದ ಮಾಡುವವರು ಇದ್ದರೆ ಹೇಳಿ: ಪಾಸ್‌ಗೆ ಮಕ್ಕಳಿಗೆ ತಟ್ಟುವ ಕನ್ನಡ ಪದ ಯಾವುದು? ಅದೇ ಕಾಲದ ಅಲ್ಲಿನ ಕುಟುಂಬಗಳ ಬಗ್ಗೆ ಮಕ್ಕಳ ಕಥೆ ಕನ್ನಡದಲ್ಲಿದ್ದರೂ ತಿಳಿಸಿ. ಮಂಡೇಲಾ ಜೀವನಚರಿತ್ರೆ ನನ್ನ ಹತ್ತಿರ ಇದೆ, ಅದು ಬೇಡ. ಶನಿವಾರದೊಳಗೆ ಉತ್ತರ ಸಿಕ್ಕರೆ ಉಪಕಾರವಾಗುತ್ತದೆ.