ರೀಮೇಕ್, ರೀಮಾಸ್ಟರ್, ಪೋರ್ಟ್: ಮೂರಕ್ಕೂ ಬೇರೆ ಬೇರೆ ಪದ ಬೇಕು (ತುರ್ತು)

ಅನುವಾದಕಿ:
ಬಳಗಕ್ಕೆ ನಮಸ್ಕಾರ. ಹಳೆಯ ವಿಡಿಯೊ ಗೇಮ್‌ಗಳು ಮತ್ತೆ ಮಾರುಕಟ್ಟೆಗೆ ಬರುತ್ತಿರುವ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆಯೊಳಗೆ ಸಂಪಾದಕರಿಗೆ ಕಳುಹಿಸಬೇಕು. ‘ಶ್ಯಾಡೊ ಆಫ್ ದ ಕೊಲೊಸಸ್’ 2005ರಲ್ಲಿ ಪ್ಲೇಸ್ಟೇಷನ್ 2 ಎಂಬ ಆಟದ ಯಂತ್ರಕ್ಕೆ ಬಂತು. 2011ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಅದರ ರೀಮಾಸ್ಟರ್, 2018ರಲ್ಲಿ ಪ್ಲೇಸ್ಟೇಷನ್ 4ಕ್ಕೆ ರೀಮೇಕ್. ಮೊದಲನೆಯದು ಹಳೆಯ ಆಟಕ್ಕೇ ಹೊಳಪು ಕೊಟ್ಟದ್ದು, ಎರಡನೆಯದು ಹೊಸದಾಗಿ ಕಟ್ಟಿದ್ದು. ಎರಡನ್ನೂ ಮಾಡಿದ್ದು ಬ್ಲೂಪಾಯಿಂಟ್ ಸಂಸ್ಥೆಯೇ. ಎರಡಕ್ಕೂ ‘ಮರುಸೃಷ್ಟಿ’ ಎಂದು ಬರೆದು ಕೈತೊಳೆದುಕೊಂಡರೆ ಲೇಖನದ ವಾದವೇ ಬಿದ್ದುಹೋಗುತ್ತದೆ. ಮುಂದಿನ ಸಾಲಿನಲ್ಲಿ ‘ಡೂಮ್’ ಆಟದ ಪೋರ್ಟ್‌ಗಳ ಮಾತು ಬರುತ್ತದೆ, ಎಂದರೆ ಬೇರೆ ಯಂತ್ರಗಳಿಗೆ ಹೊಂದಿಸಿದ ಆವೃತ್ತಿಗಳದ್ದು. ಯಂತ್ರಾನುವಾದ ಅದನ್ನು ‘ಡೂಮ್ ಬಂದರುಗಳು’ ಮಾಡಿಟ್ಟಿದೆ.

ಮಿತಭಾಷಿ:
ರೀಮೇಕ್, ರೀಮಾಸ್ಟರ್, ಪೋರ್ಟ್. ಆಡುವವರು ಹೇಳುವುದೇ ಹೀಗೆ. ಮುಗಿಯಿತು.

ಅನುವಾದಕಿ:
ಮುಗಿಯುವುದಿಲ್ಲ ಸರ್. ರೀಮೇಕ್ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಬೇರೆ ಭಾಷೆಯಿಂದ ಎತ್ತಿ ತಂದ ಸಿನಿಮಾ. ‘ಸ್ವಮೇಕ್’ ಎಂಬ ಪದ ಹುಟ್ಟಿದ್ದೇ ಆ ಕಳಂಕದಿಂದ ಪಾರಾಗಲು. ಆಟದ ವಿಷಯದಲ್ಲಿ ಕಥೆ ಎಲ್ಲಿಂದಲೂ ಬಂದದ್ದಲ್ಲ, ಅದೇ ಆಟವನ್ನು ಹೊಸದಾಗಿ ಮಾಡಿದ್ದು.

ದರ್ಪಣ:
‘ಮರುಸೃಷ್ಟಿ’ ಎಂಬ ಅರಿಸಮಾಸವನ್ನು (ಕನ್ನಡ, ಸಂಸ್ಕೃತ ಪದಗಳನ್ನು ಬೆಸೆದ ದೋಷದ ಸಮಾಸ) ಈ ಬಳಗದಲ್ಲಿಯೂ ಕಾಣಬೇಕಾಯಿತು. ‘ಮರು’ ಅಚ್ಚಗನ್ನಡ, ಹಳಗನ್ನಡದಲ್ಲಿ ಶಕಟರೇಫದ, ಎಂದರೆ ಈಗ ಬಳಕೆ ತಪ್ಪಿದ ‘ಱ’ ಅಕ್ಷರದ, ‘ಮಱು’. ಅದನ್ನು ‘ಸೃಷ್ಟಿ’ಗೆ ಗಂಟುಹಾಕಲು ಹಳಗನ್ನಡ ವೈಯಾಕರಣ ಕೇಶಿರಾಜನ ಒಪ್ಪಿಗೆ ಇಲ್ಲ. ‘ಪುನಃಸೃಷ್ಟಿ’ ಎನ್ನಿ, ಇಲ್ಲವೇ ಕನ್ನಡದಲ್ಲೇ ‘ಮರುಕಟ್ಟಣೆ’ ಎನ್ನಿ. ರೀಮಾಸ್ಟರ್‌ಗೆ ‘ಮೆರುಗು’ ಸಾಕು. ಅದೂ ಶಕಟರೇಫದ ಪದವೇ: ‘ಮೆಱುಗು’, ಹೊಳೆ ಎಂಬರ್ಥದ ‘ಮಿಱುಗು’ವಿನ ಒಡಹುಟ್ಟು. ಇಷ್ಟು ಸೊಗಸಾದ ಪದ ಮನೆಯಲ್ಲಿರುವಾಗ ಎರವಲಿಗೆ ಕೈಚಾಚುವುದೇಕೆ?

ಬೆರಕೆನುಡಿ:
ಮರುಪರಿಶೀಲನೆ, ಮರುಮೌಲ್ಯಮಾಪನ, ಮರುಮುದ್ರಣ ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುತ್ತಿವೆ. ಯಾವ ಓದುಗನಿಗೂ ಹೊಟ್ಟೆನೋವು ಬಂದಿಲ್ಲ.

ದರ್ಪಣ:
ಅಚ್ಚಾದದ್ದೆಲ್ಲ ಸಾಧುವಲ್ಲ.

ಹಳೆಯ ಆಟಗಾರ:
ವ್ಯಾಕರಣಕ್ಕೆ ಮೊದಲು ವಸ್ತು ಏನೆಂದು ನೋಡಬಹುದೇ? ರೀಮಾಸ್ಟರ್‌ನಲ್ಲಿ ಮೂಲ ಆಟದ ಒಡಲು ಹಾಗೆಯೇ ಇರುತ್ತದೆ; ಚಿತ್ರದ ಸ್ಪಷ್ಟತೆ, ಮೇಲ್ಮೈ, ಬೆಳಕು ಹೆಚ್ಚುತ್ತವೆ. 2024ರಲ್ಲಿ ಬಂದ ‘ಟೂಂಬ್ ರೈಡರ್’ ಮೊದಲ ಮೂರು ಆಟಗಳ ರೀಮಾಸ್ಟರ್ ನೋಡಿ. ಆಡುತ್ತಿರುವಾಗಲೇ ಗುಂಡಿಯೊಂದನ್ನು ಒತ್ತಿದರೆ 1996ರ ಮೊನಚು ಮೂಲೆಗಳ ಆಕಾರದ ನಾಯಕಿ ಲಾರಾ ಕ್ರಾಫ್ಟ್, ಮತ್ತೆ ಒತ್ತಿದರೆ ನಯವಾದ ಹೊಸ ಮುಖ. ಅವಳು ನಿಂತ ಕಲ್ಲು ಮಾತ್ರ ಅಲ್ಲೇ ಇರುತ್ತದೆ, ಜಿಗಿಯಬೇಕಾದ ದೂರವೂ ಅಷ್ಟೇ. ಇದಕ್ಕೆ ‘ಮೆರುಗು’ ಹೇಳಿಮಾಡಿಸಿದ ಪದ, ದರ್ಪಣರಿಗೆ ಅಷ್ಟರಮಟ್ಟಿಗೆ ಶರಣು.

ರೀಮೇಕ್‌ನಲ್ಲಿ ಹೀಗೆ ಗುಂಡಿ ಒತ್ತಿ ಹಿಂದಕ್ಕೆ ಹೋಗಲು ಹಿಂದೇನೂ ಇಲ್ಲ. 1998ರ ‘ರೆಸಿಡೆಂಟ್ ಈವಿಲ್ 2’ರಲ್ಲಿ ಕ್ಯಾಮೆರಾ ಕೋಣೆಯ ಮೂಲೆಯಲ್ಲಿ ನೆಟ್ಟಿತ್ತು, ತಿರುವಿನಾಚೆ ಏನಿದೆಯೆಂದು ಕಾಣದಿರುವುದೇ ಅದರ ಭಯ. 2019ರದ್ದರಲ್ಲಿ ಕ್ಯಾಮೆರಾ ಪಾತ್ರದ ಹೆಗಲ ಹಿಂದೆಯೇ ಬರುತ್ತದೆ. ಊರು ಅದೇ, ಪೊಲೀಸ್ ಠಾಣೆ ಅದೇ, ಹೆದರಿಸುವ ಬಗೆ ಬೇರೆ. 1997ರ ‘ಫೈನಲ್ ಫ್ಯಾಂಟಸಿ 7’ರ ರೀಮೇಕ್ 2020ರಲ್ಲಿ ಬಂದಾಗ ಮೂಲದ ಆರಂಭದ ಮಿಡ್ಗಾರ್ ನಗರದ ಭಾಗವನ್ನಷ್ಟೇ ಹಿಗ್ಗಿಸಿ ಒಂದು ಪೂರ್ತಿ ಆಟ ಮಾಡಿದ್ದರು. ಅಂದಹಾಗೆ ಅಲ್ಲಿ ‘ರೀಮೇಕ್’ ಎಂಬುದು ಹೆಸರಿನ ಭಾಗ. ಅದನ್ನು ಅನುವಾದಿಸಬೇಡಿ.

ಉದ್ಯಮದವರ ಹಣೆಪಟ್ಟಿಯನ್ನೂ ಪೂರ್ತಿ ನಂಬಬೇಡಿ. 2006ರ ‘ಆಬ್ಲಿವಿಯನ್’ 2025ರಲ್ಲಿ ‘ರೀಮಾಸ್ಟರ್ಡ್’ ಎಂಬ ಹೆಸರಿನಲ್ಲಿ ಬಂತು. ಕಣ್ಣಿಗೆ ಕಾಣುವುದನ್ನೆಲ್ಲ ಅನ್‌ರಿಯಲ್ ಎಂಜಿನ್ 5 ಎಂಬ ಆಟ ನಡೆಸುವ ತಂತ್ರಾಂಶ ಚಿತ್ರಿಸುತ್ತದೆ, ಒಳಗಿನ ಲೆಕ್ಕಾಚಾರವನ್ನು ಹಳೆಯ ಎಂಜಿನ್ ನಡೆಸುತ್ತದೆ. ಇದನ್ನು ಯಾವ ಗೂಡಿಗೆ ಹಾಕಬೇಕೆಂದು ಆಡುವವರು ಇನ್ನೂ ಜಗಳವಾಡುತ್ತಿದ್ದಾರೆ.

ಅನುವಾದಕಿ:
ಉಪಕಾರವಾಯಿತು. ಪೋರ್ಟ್?

ದರ್ಪಣ:
ಲ್ಯಾಟಿನ್ನಿನ ‘ಪೋರ್ಟಾರೆ’, ಹೊತ್ತೊಯ್ಯು. ಬಂದರಿಗೂ ಈ ಅರ್ಥಕ್ಕೂ ನೇರ ನಂಟಿಲ್ಲ. ಆದ್ದರಿಂದ ‘ಒಯ್ಲು’.

ಮಿತಭಾಷಿ:
ಒಯ್ಲು! ಓದುಗ ಅದನ್ನು ಅಚ್ಚಿನ ದೋಷವೆಂದೇ ತಿಳಿಯುತ್ತಾನೆ.

ಹಳೆಯ ಆಟಗಾರ:
‘ಅಳವಡಿಕೆ’ ಇದೆಯಲ್ಲ. 1993ರ ‘ಡೂಮ್’ ಮೊದಲು ಡಾಸ್ ಕಂಪ್ಯೂಟರಿಗೆ ಬಂದದ್ದು, 1995ರಲ್ಲಿ ಸೂಪರ್ ನಿಂಟೆಂಡೊಗೆ ಅಳವಟ್ಟಿತು. ಯಂತ್ರದ ಶಕ್ತಿ ಸಾಲದೆ ನೆಲ, ಚಾವಣಿಗಳ ಚಿತ್ತಾರ ಬಿಟ್ಟು ಬರಿ ಬಣ್ಣ ಬಳಿದರು. 1997ರಲ್ಲಿ ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಬಹಿರಂಗಪಡಿಸಿದ ಮೇಲೆ ಆಸಕ್ತರು ಕಂಡ ಕಂಡ ಯಂತ್ರಕ್ಕೆಲ್ಲ ಅದನ್ನು ಅಳವಡಿಸಿದರು. ಬರಿ ಸಾಗಿಸುವುದಲ್ಲ, ಹೊಸ ಯಂತ್ರದ ಅಳತೆಗೆ ತಗ್ಗಿಸುವುದು, ಹೊಂದಿಸುವುದು. ‘ಒಯ್ಲು’ವಿನಲ್ಲಿ ಅದು ಬರುವುದಿಲ್ಲ.

ದರ್ಪಣ:
‘ಅಳವಡಿಕೆ’ಯನ್ನು ಈಗಾಗಲೇ ಇನ್‌ಸ್ಟಾಲ್‌ಗೂ ಬಳಸಿ ಸವೆಸಿದ್ದಾರೆ.

ಬೆರಕೆನುಡಿ:
ಪ್ರತಿ ಪದಕ್ಕೂ ಒಂದೊಂದೇ ಅರ್ಥ ಮೀಸಲಿಡಲು ಹೊರಟರೆ ಯಾವ ಭಾಷೆಯೂ ಬದುಕುವುದಿಲ್ಲ. ನಮ್ಮ ಹಿರಿಯರಿಗೆ ಈ ಗೊಡವೆ ಇರಲಿಲ್ಲ. ‘ಬೀಗದ ಕೈ’ ಇದ್ದೂ ಪೋರ್ಚುಗೀಸಿನ ಚಾವಿಯನ್ನು ಒಳಗೆ ಬಿಟ್ಟುಕೊಂಡರು. ಕಾಗದ ಪಾರಸಿಯಿಂದ ಬಂತು. ಪೋರ್ಟ್ ಬಂದರೆ ಮಾತ್ರ ಆಕಾಶ ಕಳಚಿ ಬೀಳುತ್ತದೆಯೇ?

ದರ್ಪಣ:
ಚಾವಿ ಒಂಟಿಯಾಗಿ ಬಂತು. ನೀವು ಗೇಮು, ಪೋರ್ಟು, ಪ್ಯಾಚು, ಲೋಡು ಎಂದು ಮೆರವಣಿಗೆಯನ್ನೇ ಕರೆಯುತ್ತಿದ್ದೀರಿ. ಕೊನೆಗೆ ಕನ್ನಡಕ್ಕೆ ಉಳಿಯುವುದು ‘ಮಾಡು’ ಮತ್ತು ‘ಆಗು’ ಎರಡೇ.

ಬೆರಕೆನುಡಿ:
ಪುನಃಸೃಷ್ಟಿ ಎಂದರೆ ಅದು ಎರವಲಲ್ಲವೇ? ಸಂಸ್ಕೃತದಿಂದ ತಂದರೆ ಆಸ್ತಿ, ಇಂಗ್ಲಿಷಿನಿಂದ ತಂದರೆ ಸಾಲ!

ಮಹಾಪ್ರಾಣ ಬೇಡ:
ಇಬ್ಬರ ಬರಹದಲ್ಲಿಯೂ ಕನ್ನಡ ನಾಲಿಗೆಗೆ ಬೇಡದ ಅಕ್ಕರಗಳು ತುಂಬಿವೆ. ಮೊದಲು ಅದು ಸರಿಹೋಗಲಿ.

ಮಿತಭಾಷಿ:
ಇವರೊಬ್ಬರು ಬಾಕಿ ಇದ್ದರು.

ಅನುವಾದಕಿ:
ಸಮಯವಾಯಿತು. ಹೀಗೆ ಕಳುಹಿಸುತ್ತಿದ್ದೇನೆ: “2011ರಲ್ಲಿ ಮೆರುಗು ಆವೃತ್ತಿ ಬಂತು, 2018ರಲ್ಲಿ ಬಂದದ್ದು ಬುಡದಿಂದ ಮರಳಿ ಕಟ್ಟಿದ ಆವೃತ್ತಿ. ‘ಡೂಮ್’ ಹತ್ತಾರು ಯಂತ್ರಗಳಿಗೆ ಅಳವಟ್ಟಿದೆ.” ಮೊದಲ ಬಳಕೆಯಲ್ಲಿ ಜೊತೆಗೆ ರೀಮಾಸ್ಟರ್, ರೀಮೇಕ್ ಎಂದೂ ಕೊಡುತ್ತೇನೆ.

ದರ್ಪಣ:
‘ಮರಳಿ ಕಟ್ಟಿದ ಆವೃತ್ತಿ’ಗೆ ತಕರಾರಿಲ್ಲ. ಪೂರ್ವಪದ ಕೃದಂತ, ಎಂದರೆ ಧಾತುವಿನಿಂದಾದ ಪದ; ಇಂಥ ಗಮಕ ಸಮಾಸಕ್ಕೆ ಅರಿಸಮಾಸದ ದೋಷದಿಂದ ವಿನಾಯಿತಿ ಇದೆ. ‘ಮೆರುಗು ಆವೃತ್ತಿ’ ಅರಿಸಮಾಸ. ‘ಮೆರುಗು ಕೊಟ್ಟ ಆವೃತ್ತಿ’ ಎಂದು ತಿದ್ದಿ ಕಳುಹಿಸಿ.

ಅನುವಾದಕಿ:
ತಿದ್ದಿದೆ, ಕಳುಹಿಸಿದೆ.